ರೇನ್‌ಕೋಟಿನ ಆಮೆ

ನಿನ್ನೆ ಸಂಜೆ ಈಜು ಕ್ಲಾಸಿನಿಂದ ಬಂದ ನೀವಿಬ್ಬರೂ ಒದ್ದೆ ಟವೆಲುಗಳನ್ನು ನನ್ನ ಮಂಚದ ಮೇಲೆ ಎಸೆದು ಆಡಲು ಓಡಿಹೋದಿರಿ. ಒಣಹಾಕೋಣವೆಂದು ಎತ್ತಿಕೊಂಡೆ. ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಆ ಶಬ್ದವೂ ಬಂತು. ರಬ್ಬರ್ ಕೊಳವೆಯಲ್ಲಿ ಯಾರೋ ಉಸಿರೆಳೆದು, ಸ್ವಲ್ಪ ತಡೆದು, ಬಿಡುವ ಶಬ್ದ. ಟವೆಲು ಹಿಡಿದುಕೊಂಡು ಹಾಗೇ ಕುಳಿತುಬಿಟ್ಟೆ.

ಅದಿತಿ, ನಕುಲ, ದಸರಾ ರಜೆಗೆ ನಿಮ್ಮ ಅಮ್ಮ ನಿಮ್ಮನ್ನು ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಕಣ್ಣಿಗೆ ಮಾಸ್ಕ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ನೀರಿನ ಮೇಲೆ ಬೋರಲಾಗಿ ತೇಲಿಸಿ ಕೆಳಗಿನ ಮೀನುಗಳನ್ನು ತೋರಿಸುತ್ತಾಳಂತೆ. ಹೋಗಿಬನ್ನಿ. ಹೋಗುವ ಮುಂಚೆ ನಿಮಗೊಂದು ಸಂಗತಿ ತಿಳಿದಿರಲಿ ಎಂದು ನನ್ನ ಆಸೆ. ಎದುರಿಗೆ ಕೂರಿಸಿಕೊಂಡು ಹೇಳಲು ನನಗೆ ಬರುವುದಿಲ್ಲ, ನಾಲ್ಕು ಜನ ನನ್ನ ಮುಖ ನೋಡಿದರೆ ಹೇಳಬೇಕಾದದ್ದು ಮರೆತುಹೋಗುತ್ತದೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇದು ನೀವು ಹುಟ್ಟುವುದಕ್ಕೆ ಮುಂಚಿನ ಒಂದು ಮಳೆಗಾಲದ ಮಾತು.

ಅದು ನಿಮ್ಮ ತಾತ ತೀರಿಕೊಂಡ ಮರುವರ್ಷ. ಆಗಲೂ ನಾವು ಅಟ್ಟೂರಿನ ಇದೇ ಮನೆಯಲ್ಲಿದ್ದೆವು. ಕೊನೆಯ ತಿಂಗಳುಗಳಲ್ಲಿ ತಾತನಿಗೆ ಉಸಿರಾಟ ಕಷ್ಟವಾಗಿ ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್ ತಂದು ನಿಲ್ಲಿಸಿದ್ದೆವು. ಹಗಲೂ ಇರುಳೂ ಅದರ ಶಬ್ದ. ಅವರು ಹೋದ ಮೇಲೆ ಸಿಲಿಂಡರನ್ನು ವಾಪಸು ತೆಗೆದುಕೊಂಡು ಹೋದರು, ಶಬ್ದ ಮಾತ್ರ ಮನೆಯಲ್ಲೇ ಉಳಿಯಿತು. ಬೇಳೆ ಆರಿಸುತ್ತಾ ಕುಳಿತಿದ್ದರೆ ನಡುಮನೆಯಿಂದ ಕೇಳಿಸುತ್ತಿತ್ತು. ಎದ್ದು ಹೋಗಿ ನೋಡಿದರೆ ಖಾಲಿ ಮಂಚ. ನಿಮ್ಮ ಅಮ್ಮನಿಗೆ ಇದನ್ನು ನಾನು ಹೇಳಿರಲಿಲ್ಲ, ಆದರೂ ಅವಳಿಗೆ ಗೊತ್ತಾಗಿತ್ತು. "ಒಬ್ಳೇ ಕೂತ್ಕೋಬೇಡಮ್ಮ, ನನ್ ಜೊತೆ ಬಾ, ಅಲ್ಲೇ ಹೊಲ್ಕೊಂಡು ಕೂತಿರು" ಎಂದು ದಿನವೂ ಈಜುಕೊಳಕ್ಕೆ ಕರೆದುಕೊಂಡು ಹೋಗತೊಡಗಿದಳು.

ಯಲಹಂಕದ ಕಡೆಗೆ ಹೋಗುವ ದಾರಿಯಲ್ಲಿ ಅದೊಂದು ಖಾಸಗಿ ಕೊಳ. ನಿಮ್ಮ ಅಮ್ಮ ಅಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಆಷಾಢ ಬಂದು ಗಾಳಿ ಶುರುವಾದರೆ ಚಳಿಗೆ ಯಾರೂ ನೀರಿಗಿಳಿಯುವುದಿಲ್ಲ. ಆ ಸಮಯದಲ್ಲಿ ಮಾಲೀಕರು ಕೊಳವನ್ನು ಮುನೀರ್‌ಗೆ ಬಿಟ್ಟುಕೊಡುತ್ತಿದ್ದರು. ಮುನೀರ್ ಆರ್.ಟಿ. ನಗರದವರು, ಅಂಡಮಾನಿನಲ್ಲಿ ಡೈವಿಂಗ್ ಕಲಿತು ಬಂದವರು. ನಮ್ಮ ಕರಾವಳಿಯಾಚೆಯ ಒಂದು ದ್ವೀಪದ ಹತ್ತಿರ ಜನರನ್ನು ನೀರಿನಡಿಗೆ ಕರೆದೊಯ್ಯುವುದು ಅವರ ಕಸುಬು. ಮಳೆಗಾಲದಲ್ಲಿ ಸಮುದ್ರ ಒರಟಾಗಿ ಆ ಕೆಲಸ ನಿಲ್ಲುತ್ತದೆ. ಆಗ ಬೆಂಗಳೂರಿಗೆ ಬಂದು ಕೊಳದಲ್ಲಿ ಹೊಸಬರಿಗೆ ಪಾಠ ಹೇಳುತ್ತಾರೆ.

ಆ ಬೇಸಿಗೆಯಲ್ಲಿ ನಿಮ್ಮ ಅಮ್ಮ ಮೊದಲ ಸಲ ಅವರ ಜೊತೆ ಸಮುದ್ರಕ್ಕೆ ಹೋಗಿದ್ದಳು. ಅಲ್ಲಿ ಗೈಡ್ ಆಗಬೇಕೆಂಬುದೇ ಅವಳ ಕನಸು. ಹೋದವಳು ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದಳು. ಊಟಕ್ಕೆ ಕುಳಿತಾಗ ತಾನೇ ಹೇಳಿದಳು.

"ಕಲ್ಲಿನ ಸಂದೀಲಿ ಒಂದು ಆಮೆ ಮಲ್ಗಿತ್ತಮ್ಮ. ಇಷ್ಟ್ ದೊಡ್ಡದು, ಪರಾತದ ಥರ. ಕೂರ್ಮಾವತಾರ ಅಲ್ವಾ, ನೋಡ್ತಿದ್ದಂಗೇ ಕೈ ಹೋಯ್ತು. ಮುಟ್ಟಿ ಕಣ್ಣಿಗೊತ್ಕೊಂಡೆ. ಬೆರಳು ಮಾಸ್ಕ್ ಗಾಜಿಗೆ ಬಡೀತು."

"ಒಳ್ಳೇದೇ ಮಾಡಿದ್ಯಲ್ಲವ್ವ," ಎಂದೆ.

"ಎಲ್ಲಿ ಒಳ್ಳೇದು? ಅದು ಬೆಚ್ಚಿಬಿದ್ದು, ಬಂಡೆಗೆ ತಲೆ ಹೊಡ್ಕೊಂಡು ಮೇಲಕ್ಕೆ ಓಡ್ತು. ದಡಕ್ಕೆ ಬಂದ್ಮೇಲೆ ಮುನೀರಣ್ಣ ಎಲ್ಲರ ಮುಂದೆ ಕೇಳಿದ್ರು, ನಿಮ್ಮನೇಲಿ ಮಲಗಿರೋರನ್ನ ಹಿಂಗೇ ತಟ್ಟಿ ಎಬ್ಬಿಸ್ತೀರಾ ಅಂತ."

ನಮ್ಮ ಕಡೆಯ ರೂಢಿ ನಿಮಗೆ ಗೊತ್ತಲ್ಲ. ದೊಡ್ಡಬಳ್ಳಾಪುರದ ಪಕ್ಕದ ನಮ್ಮ ಹಳ್ಳಿಯಲ್ಲಿ ಹಸು ಎದುರಾದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಹೊಸಿಲು, ಮಗ್ಗ, ಕಾಲಿಗೆ ತಗುಲಿದ ಪುಸ್ತಕ, ಮದುವೆ ಮನೆಯ ಬಾಗಿಲಲ್ಲಿ ನಿಂತ ಆನೆ, ಯಾವುದನ್ನೂ ಬಿಡುವುದಿಲ್ಲ. ಭಕ್ತಿ ಮೊದಲು ಬರುವುದು ಬೆರಳಿಗೆ. ನಿಮ್ಮ ಅಮ್ಮನಿಗೂ ತೊಟ್ಟಿಲಿನಿಂದ ಬಂದ ಅಭ್ಯಾಸ ಅದು. ಆದರೆ ಮುನೀರ್ ಹೇಳಿದ್ದು ಬೇರೆ. ಆಮೆ ನಮ್ಮ ಹಾಗೇ ಗಾಳಿ ಉಸಿರಾಡುವ ಪ್ರಾಣಿ, ಒಂದು ಉಸಿರನ್ನು ಕಟ್ಟಿಕೊಂಡು ಕೆಳಗೆ ಮಲಗಿರುತ್ತದೆ. ಹೆದರಿಸಿದರೆ ಆ ಉಸಿರು ಅಲ್ಲೇ ಖರ್ಚಾಗುತ್ತದೆ. ಮೀನಿನ ಮೈಮೇಲಿನ ಲೋಳೆಯೇ ಅದಕ್ಕೆ ಔಷಧಿ, ನಮ್ಮ ಕೈ ಸವರಿದರೆ ಕಿತ್ತುಹೋಗುತ್ತದೆ. ಕಲ್ಲಿನಂತೆ ಕಾಣುವ ಹವಳ ಕಲ್ಲಲ್ಲ, ಜೀವ. ಒಂದು ಒದೆತಕ್ಕೆ ಮುರಿದದ್ದು ಬೆಳೆಯಲು ನಮ್ಮ ಆಯುಷ್ಯ ಸಾಲದು. "ನೀನು ಗೈಡ್ ಆಗೋಳು. ನಿನ್ ಕೈ ಒಂದ್ಸಲ ಹೋದ್ರೆ ಹಿಂದೆ ಬರೋರೆಲ್ಲರ ಕೈನೂ ಹೋಗತ್ತೆ. ಸಮುದ್ರ ತೆರೆಯೋ ಹೊತ್ತಿಗೆ ಈ ಕೈ ನಿಲ್ಬೇಕು. ನಿಲ್ಲಲಿಲ್ಲ ಅಂದ್ರೆ ಸಾರಿ, ಬೇರೆಯವರನ್ನ ಕರ್ಕೊಂಡು ಹೋಗ್ತೀನಿ" ಎಂದಿದ್ದರು. ನಿಮ್ಮ ಅಮ್ಮನ ಕೈಯಲ್ಲಿದ್ದದ್ದು ಆ ಒಂದು ಮಳೆಗಾಲ.

ಆ ಕೊಳದ ಮೇಲೆ ಹಸಿರು ಪ್ಲಾಸ್ಟಿಕ್ ಶೀಟಿನ ಚಾವಣಿ. ಮೋಡದ ದಿನ ಅದರ ಕೆಳಗಿನ ಬೆಳಕು ಪಾಚಿಯ ಹಾಗೆ. ಮನುಷ್ಯರ ಮುಖವೂ ಹಸಿರು, ನನ್ನ ಕೈಯಲ್ಲಿನ ಸೂಜಿಯೂ ಹಸಿರು. ಮೊದಲ ದಿನ ಮುನೀರ್ ಸಿಲಿಂಡರುಗಳನ್ನು ಸಾಲಾಗಿ ನಿಲ್ಲಿಸಿದಾಗಲೇ ನಾನು ಮುಖ ತಿರುಗಿಸಿಕೊಂಡಿದ್ದೆ. ಆಮೇಲೆ ನಿಮ್ಮ ಅಮ್ಮ ಅದರ ಕೊಳವೆಯನ್ನು ಬಾಯಿಗೆ ಕಚ್ಚಿಕೊಂಡು ಉಸಿರೆಳೆದಳು. ಅದೇ ಶಬ್ದ. ಮನೆಯಿಂದ ತಪ್ಪಿಸಿಕೊಂಡು ಬಂದರೆ ಇಲ್ಲಿ ನನಗಿಂತ ಮೊದಲೇ ಬಂದು ಕಾದಿತ್ತು. ಅವಳು ಮುಳುಗಿದಳು. ನೀರಿನ ಮೇಲೆ ಗುಳ್ಳೆಗಳ ಗೊಂಚಲು ಎದ್ದು ಒಡೆಯುತ್ತಿತ್ತು. ಎರಡು ಗೊಂಚಲಿನ ನಡುವೆ ಏನೂ ಇಲ್ಲದ ಹೊತ್ತು ಒಂದು ಬರುತ್ತಿತ್ತು. ಆಗ ನಾನೂ ಉಸಿರು ಹಿಡಿದು ಕೂರುತ್ತಿದ್ದೆ.

ಪಾಠಕ್ಕೆ ಒಂದು ಆಮೆ ಬೇಕು ಎಂದು ಮುನೀರ್ ಪೇಟೆಯಿಂದ ಪ್ಲಾಸ್ಟಿಕ್ ಆಟಿಕೆ ತಂದರು. ಅದು ಮುಳುಗದೆ ಬಾತುಕೋಳಿಯ ಹಾಗೆ ತೇಲಿತು. "ನಮ್ಮಮ್ಮ ಹೊಲಿದು ಕೊಡ್ತಾರೆ" ಎಂದು ನಿಮ್ಮ ಅಮ್ಮ ನನ್ನನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟಳು. ನೀರಿನಲ್ಲಿ ಕೊಳೆಯದ ಬಟ್ಟೆ ನಮ್ಮ ಮನೆಯಲ್ಲಿ ಒಂದೇ ಇದ್ದದ್ದು, ತಾತನ ರೇನ್‌ಕೋಟು. ಹಸಿರು ಬಣ್ಣದ, ಒಳಗೆ ರಬ್ಬರ್ ಹಚ್ಚಿದ ದಪ್ಪ ಕೋಟು. ಸ್ಕೂಟರಿನಲ್ಲಿ ಕಾರ್ಖಾನೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದರು. ಅವಳೇ ಗೂಟದಿಂದ ತೆಗೆದು ನನ್ನ ಮಡಿಲಿಗಿಟ್ಟಳು. ಹಳೆಯ ನೀರಿನ ಪೈಪಿಗೆ ಮರಳು ತುಂಬಿ, ಬಳೆಯಂತೆ ಬಗ್ಗಿಸಿ, ಬೆನ್ನಿನ ಭಾಗದ ಅಂಚಿಗೆ ಹೊಲಿದೆ. ಅದು ಚಿಪ್ಪಾಯಿತು. ಎರಡು ತೋಳುಗಳನ್ನು ಹಾಗೇ ಬಿಟ್ಟೆ, ಈಜುವ ಕೈಗಳಾದವು. ಕೋಟಿನ ಟೋಪಿಗೆ ಸ್ಪಂಜು ತುಂಬಿದೆ, ತಲೆಯಾಯಿತು. ಹೊಟ್ಟೆಗೆ ಬಟ್ಟೆ ಸಾಲದೆ ಕೊಡೆಯಂತೆ ತೆರೆದೇ ಉಳಿಯಿತು. ಕಣ್ಣಿಗೆ ಎರಡು ಗುಂಡಿ ಹಿಡಿದು ಅವಳ ಮುಖ ನೋಡಿದೆ. "ಕಣ್ಣು ಬೇಡಮ್ಮ" ಎಂದಳು.

ಹಲಗೆ ಕಿತ್ತ ಒಂದು ಕಬ್ಬಿಣದ ಸ್ಟೂಲನ್ನು ಆಳದ ಕಡೆ ಇಳಿಸಿ, ಅದರ ಬಳೆಯ ಮೇಲೆ ಮುನೀರ್ ಆಮೆಯನ್ನು ಕೂರಿಸಿದರು. ಕೆಳಗೆ, ಆ ಹಸಿರಿನಲ್ಲಿ, ತಲೆ ತಗ್ಗಿಸಿ ಕುಳಿತ ಯಾರೋ ಹಿರಿಯರಂತೆ ಕಂಡಿತು. ನೀರು ಅಲುಗಿದಾಗ ತೋಳುಗಳು ಮೆಲ್ಲಗೆ ಏಳುತ್ತಿದ್ದವು.

ಕಲಿಯಲು ಬರುತ್ತಿದ್ದವರಲ್ಲಿ ಕಿಶೋರ್ ಎಂಬವನೊಬ್ಬ ಇದ್ದ, ಯಶವಂತಪುರದಲ್ಲಿ ಟೈಲ್ಸ್ ಅಂಗಡಿ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡೇ ನೀರಿಗಿಳಿಯುತ್ತಿದ್ದ. "ಆಂಟಿ, ನಿಮ್ಮ ಆಮೆಗೆ ಆಧಾರ್ ಮಾಡ್ಸಿದೀರಾ?" ಎಂದು ನನ್ನನ್ನು ರೇಗಿಸುತ್ತಿದ್ದ. ಮೊದಲ ದಿನವೇ ಆಮೆಯ ಪಕ್ಕಕ್ಕೆ, ಸ್ಟೂಲಿನ ಕಾಲಿನ ತನಕ ಹೋಗಿ ಮಲಗಿ ಫೋಟೋ ತೆಗೆದ. ನೋಡುತ್ತಿದ್ದ ಹಾಗೆ ಆಮೆ ಅಲುಗಿತು. ಸ್ಟೂಲು ಬಿಟ್ಟು, ತೋಳುಗಳನ್ನು ಇಳಿಬಿಟ್ಟು, ನಿಧಾನವಾಗಿ ಮೇಲಕ್ಕೆ ಬಂತು. ನೀರಿನ ಮೇಲೆ ತಲೆ ಎತ್ತಿತು. ಒಂದು ಕಡೆಗೆ ವಾಲಿ, "ಹಾ" ಎಂದು ಉದ್ದನೆಯ ಉಸಿರು ಬಿಟ್ಟು ಮತ್ತೆ ಮುಳುಗಿತು. ನನ್ನ ಕೈಯಿಂದ ಸೂಜಿ ಬಿದ್ದುಹೋಯಿತು. ಕಿಶೋರ್ ಕೆಮ್ಮುತ್ತಾ ಮೇಲೆ ಬಂದ. "ಗುರು, ಏನ್ ಗುರು ಇದು! ಜೀವ ಇದೆಯಾ?"

ಮುನೀರ್ ಬಿದ್ದು ಬಿದ್ದು ನಕ್ಕರು. "ಅರೆ, ನಿಮ್ಮ ಉಸಿರೇ ಸಾರ್ ಅದು! ನೀವು ಬಿಟ್ಟ ಗಾಳಿ ಕೋಟಿನೊಳಗೆ ಸೇರ್ಕೊಂಡು ಎತ್ತಿದೆ, ಅಷ್ಟೇ. ಒಳ್ಳೇದಾಯ್ತು, ಇನ್ಮೇಲೆ ಯಾರು ಜಾಸ್ತಿ ಹತ್ರ ಹೋದ್ರೂ ಇದೇ ಹೇಳತ್ತೆ." ಆಮೇಲೆ ಅವನ ಫೋನನ್ನು ತೋರಿಸಿ ಅಂದರು, "ನಿಮ್ ಅಂಗಡೀಲಿ ಬೋರ್ಡ್ ಹಾಕಿರ್ತೀರಲ್ಲ, ಮುಟ್ಟಬೇಡಿ, ಒಡೆದರೆ ನಿಮ್ಮದೇ ಅಂತ. ಸಮುದ್ರಕ್ಕೆ ಬೋರ್ಡ್ ಹಾಕೋರಿಲ್ಲ, ನೀವೇ ಓದ್ಕೋಬೇಕು. ಅದು ಮೇಲೆ ಹೊರಟ್ರೆ ದಾರಿ ಬಿಡಿ. ಅದರ ತಲೆ ಮೇಲೆ ಹೋಗ್ಬೇಡಿ, ಹಿಂದೆ ಓಡ್ಬೇಡಿ. ಅದಾಗೇ ಹತ್ರ ಬಂತಾ, ಕೈ ಕಟ್ಕೊಂಡು ಸುಮ್ನೆ ಇರಿ."

ಅವರು ಹೇಳಿದ ಕಾರಣ ನನಗೂ ಅರ್ಥವಾಯಿತು. ಆದರೆ ಒಂದು ಮಧ್ಯಾಹ್ನ ಮುನೀರ್ ಮತ್ತು ನಿಮ್ಮ ಅಮ್ಮ ಸಿಲಿಂಡರ್ ತುಂಬಿಸಿಕೊಂಡು ಬರಲು ಹೋಗಿದ್ದರು. ಬೆಳಗಿನಿಂದ ಯಾರೂ ನೀರಿಗಿಳಿದಿರಲಿಲ್ಲ. ಕರೆಂಟ್ ಹೋಗಿ ನೀರು ಶುದ್ಧಮಾಡುವ ಪಂಪು ನಿಂತಿತ್ತು. ಜಿಟಿಜಿಟಿ ಮಳೆಯೂ ನಿಂತು, ಇಡೀ ಕೊಳ ಒರೆಸಿದ ಕನ್ನಡಿಯಂತಿತ್ತು. ನಾನು ಬೆಂಚಿನ ಮೇಲೆ ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಯಾರೋ ನೋಡುತ್ತಿದ್ದಾರೆ ಅನ್ನಿಸಿತು. ತಲೆಯೆತ್ತಿದರೆ ಆಮೆ ಸ್ಟೂಲಿನ ಮೇಲಿರಲಿಲ್ಲ. ಅರ್ಧ ನೀರಿನಲ್ಲಿ, ತೋಳುಗಳನ್ನು ಚಾಚಿ, ಕಣ್ಣಿಲ್ಲದ ಮುಖವನ್ನು ನನ್ನ ಕಡೆ ಮಾಡಿ ನಿಂತಿತ್ತು. ಒಂದು ಗುಳ್ಳೆಯೂ ಇಲ್ಲ. ಹಾಗೇ ಮೇಲೆ ಬಂದು, ಉಸಿರು ಬಿಟ್ಟು, ಇಳಿದು, ನಾನು ಕುಳಿತ ಬೆಂಚಿನ ನೇರಕ್ಕೆ ಕೊಳದ ತಳದಲ್ಲಿ ಕುಳಿತುಕೊಂಡಿತು.

ಎದ್ದು ಓಡಬೇಕು ಅನ್ನಿಸಲಿಲ್ಲ. ಹುಕ್ಕು ಹಾಕುವುದನ್ನು ಮುಗಿಸಿದೆ.

ಅಂದಿನಿಂದ ಬೆಳಿಗ್ಗೆ ಬಂದು ನೋಡಿದರೆ ಆಮೆ ಸ್ಟೂಲಿನ ಮೇಲಿರುವುದು ಅಪರೂಪವಾಯಿತು, ನನ್ನ ಬೆಂಚಿನ ಕೆಳಗೇ ಇರುತ್ತಿತ್ತು. ಒಂದು ದಿನ ಎದುರು ಬದಿಯ ಬೆಂಚಿಗೆ ಹೋಗಿ ಕುಳಿತೆ. ಮಾರನೆಯ ಬೆಳಿಗ್ಗೆ ಅದು ಆ ಬದಿಗೆ ಬಂದಿತ್ತು. "ಫಿಲ್ಟರ್ ನೀರಿನ ಸೆಳೆತ ಅಮ್ಮಾ" ಎಂದರು ಮುನೀರ್. ನಾನು ಹೂಂ ಎಂದೆ. ಮನೆಯಲ್ಲಿ ಕೇಳಿಸುತ್ತಿದ್ದ ಉಸಿರಿನ ಶಬ್ದ ಆ ವಾರದಿಂದ ನಿಂತುಹೋಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಇತ್ತ ನಿಮ್ಮ ಅಮ್ಮನ ಕೈ ನಿಲ್ಲಲಿಲ್ಲ. ಎಲ್ಲ ಪಾಠವೂ ಚೆನ್ನಾಗಿ ಮಾಡುತ್ತಿದ್ದಳು. ಉಸಿರಿನಲ್ಲೇ ಮೇಲೆ ಕೆಳಗೆ ಹೋಗುವುದು, ಮೀನಿನ ರೆಕ್ಕೆಯಂಥ ಫಿನ್ಸ್ ಹಾಕಿದ ಕಾಲು ತಳಕ್ಕೆ ತಗುಲದಂತೆ ತೇಲುವುದು, ಎಲ್ಲ. ಆಮೆಯ ಹತ್ತಿರ ಬಂದರೆ ಮಾತ್ರ ಬಲಗೈ ತಾನಾಗಿ ಮುಂದೆ ಹೋಗುತ್ತಿತ್ತು. ಅದೂ ಚಿಪ್ಪಿಗಲ್ಲ, ಆ ತೋಳಿನ ತುದಿಗೆ. ನೀರಿನಿಂದ ತಲೆ ಎತ್ತಿದ ಮುನೀರ್ ಕೂಗುತ್ತಿದ್ದರು, "ಮತ್ತೆ! ಸವಿತಾ, ಮತ್ತೆ! ಕಿಶೋರ್ ಸಾರ್ ಕಲಿತ್ರು, ನೀನ್ ಕಲೀಲಿಲ್ಲ!"

"ಅಣ್ಣಾ, ನನಗೇ ಗೊತ್ತಾಗಲ್ಲ, ಅದಾಗೇ ಹೋಗತ್ತೆ."

"ಅದಾಗೇ ಹೋಗೋ ಕೈನೇ ಸಮುದ್ರಕ್ಕೆ ಡೇಂಜರ್."

ಶ್ರಾವಣ ಕಳೆಯುತ್ತಿತ್ತು. ಒಂದು ದಿನ ಟೀ ಕುಡಿಯುವಾಗ ನಾನು ಧೈರ್ಯ ಮಾಡಿ ಮುನೀರ್ ಹತ್ತಿರ ಹೋದೆ. ಅದು ಅವಳ ಅಪ್ಪನ ಕೋಟು ಎಂದು ಅವರಿಗೆ ಗೊತ್ತಿರಲಿಲ್ಲ. ತಾತ ಹೋದ ದಿನದ್ದನ್ನೂ ಹೇಳಿದೆ. ಅವಳು ಅಪ್ಪನ ಕೈ ಹಿಡಿದು ಕುಳಿತವಳು ಬಿಡಲೇ ಇಲ್ಲ. ಉಸಿರು ಹೋಗಲಾರದೆ ಬರಲಾರದೆ ಎಳೆಯುತ್ತಿತ್ತು. ಊರಿನಿಂದ ಬಂದಿದ್ದ ನನ್ನ ಅತ್ತಿಗೆ, "ಕೈ ಬುಡವ್ವ, ಇಂಗೆ ಇಡ್ಕಂಡ್ರೆ ಆ ಜೀವ ಎಂಗ್ ಓಗ್ಬೇಕು" ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. "ಬೇರೆ ಬಟ್ಟೇಲಿ ಒಂದು ಹೊಲ್ಕೊಡ್ತೀನಪ್ಪ, ಇದನ್ನ ತೆಗೆದುಬಿಡಿ" ಎಂದೆ.

ಮುನೀರ್ ಲೋಟವನ್ನು ಕೆಳಗಿಟ್ಟರು. "ಬೇಡ ಅಮ್ಮಾ, ಇದೇ ಇರ್ಲಿ. ಸಮುದ್ರದಲ್ಲಿ ಕೆಟ್ಟ ಮನಸ್ಸಿಂದ ಮುಟ್ಟೋರು ಕಮ್ಮಿ. ಎಲ್ಲಾರೂ ಪ್ರೀತಿ ಉಕ್ಕಿನೇ ಮುಟ್ಟೋದು. ಇಲ್ಲಿ ತಡ್ಕೊಂಡ್ರೆ ಅವಳು ಎಲ್ಲಿ ಬೇಕಾದ್ರೂ ತಡ್ಕೋತಾಳೆ."

ಗಣೇಶನ ಹಬ್ಬ ಮುಗಿದ ಮೇಲೆ ಪರೀಕ್ಷೆ ಇಟ್ಟರು. ನಿಮ್ಮ ಅಮ್ಮ ಗೈಡ್, ಕಿಶೋರ್ ಪ್ರವಾಸಿ. ಅವನನ್ನು ಕರೆದುಕೊಂಡು ಇಡೀ ಕೊಳ ಸುತ್ತಿಸಿ, ಆಮೆಯನ್ನು ತೋರಿಸಿ, ವಾಪಸು ತರಬೇಕು. ಮುನೀರ್ ಆಮೆಯನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿ, ಮೂಲೆಯಲ್ಲಿ ನೀರಿನಡಿ ಕುಳಿತು ನೋಡುತ್ತಾರೆ. ಕೈ ಹೋಯಿತೋ, ಆ ವರ್ಷ ಸಮುದ್ರವಿಲ್ಲ. ನೀರಿಗಿಳಿಯುವ ಮುಂಚೆ ಅವಳು ನನ್ನ ಕಡೆ ತಿರುಗಿದಳು. ಮಾಸ್ಕಿನೊಳಗಿನ ಕಣ್ಣು ಯಾರದೋ ಕಣ್ಣಿನಂತಿತ್ತು.

ಮೋಡ ಕವಿದು ಕೊಳ ಕಪ್ಪಾಗಿತ್ತು. ನಾನು ಆಳದ ಕಡೆ, ಅಂಚಿನಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತೆ. ಮೂರು ಕಡೆ ಗುಳ್ಳೆಗಳು ಏಳುತ್ತಿದ್ದವು. ಅವಳು ಕಿಶೋರನನ್ನು ಗೋಡೆಯ ಉದ್ದಕ್ಕೂ ಕರೆತಂದು, ಆಮೆಯಿಂದ ದೂರದಲ್ಲೇ ನಿಲ್ಲಿಸಿ, ಎರಡೂ ಕೈಗಳನ್ನು ಎದೆಯ ಮುಂದೆ ಹೆಣೆದು ತೋರಿಸಿದಳು. ಅವನೂ ಹೆಣೆದ. ಒಂದು ಕ್ಷಣ ಎಲ್ಲ ಸರಿಯಾಗಿತ್ತು. ಆಮೇಲೆ ಅವನಿಗೆ ಏನನ್ನಿಸಿತೋ, ಫೋನು ಹಿಡಿದು ತಳಕ್ಕೆ ಇಳಿದು, ಕೆಳಗಿನಿಂದ ಫೋಟೋ ತೆಗೆಯಲು ಸ್ಟೂಲಿನ ಕಾಲಿನ ನಡುವೆ ತಲೆ ತೂರಿಸಿದ. ಅವನ ಗುಳ್ಳೆಗಳೆಲ್ಲ ಕೋಟಿನೊಳಗೆ ಸೇರಿದವು. ಆಮೆ ಎದ್ದಿತು.

ನಿಮ್ಮ ಅಮ್ಮ ಅವನನ್ನು ಹಿಡಿಯಲು ಮುಂದೆ ಬಂದಿದ್ದಳು. ಹಾಗಾಗಿ ಆಮೆ ಎದ್ದದ್ದು ಸರಿಯಾಗಿ ಅವಳ ಕೆಳಗಿನಿಂದ. ದಾರಿಗೆ ಅವಳೇ ಅಡ್ಡ. ನಾನು ಮೇಲಿನಿಂದ ನೋಡುತ್ತಿದ್ದೆ. ಅವಳು ಬೆಚ್ಚಲಿಲ್ಲ, ಒದೆಯಲಿಲ್ಲ, ನೀರು ತಾನೇ ಸರಿಸಿತೋ ಎಂಬಂತೆ ಹಿಂದಕ್ಕೆ ಹೋದಳು. ಆಮೆ ಅವಳ ಮುಖದ ಮುಂದೆಯೇ ಏರಿತು. ಅದರ ತೋಳು ಅವಳ ಹೆಗಲಿಗೆ ತಾಗಿ, ತಲೆಯ ಹಿಂಭಾಗವನ್ನು ಮೆಲ್ಲಗೆ ಸವರಿಕೊಂಡು ಹೋಯಿತು. ಅವಳ ಬಲಗೈ ಬಿಚ್ಚಿಕೊಂಡಿತು. ಎಡಗೈ ಬಂದು ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಹಿಡಿದೇ ಇತ್ತು. ಆಮೆ ಪೂರ್ತಿ ದಾಟಿದ ಮೇಲೆ ಅವಳು ಬಗ್ಗಿ, ಬೆನ್ನಟ್ಟಿ ಬರುತ್ತಿದ್ದ ಕಿಶೋರನ ಸಿಲಿಂಡರಿನ ಪಟ್ಟಿ ಹಿಡಿದು ತಡೆದಳು.

ಟೋಪಿ ನನ್ನ ಕಾಲಿನ ಹತ್ತಿರ ನೀರು ಸೀಳಿ ಮೇಲೆ ಬಂತು. ಕೈ ಚಾಚಿದರೆ ಎಟುಕುವಷ್ಟು ಹತ್ತಿರ. ನೆನೆದ ರಬ್ಬರಿನ ವಾಸನೆ. ಕಣ್ಣಿಲ್ಲದ ಆ ಮುಖ ನನ್ನ ಕಡೆಗೇ ಇತ್ತು. ನಾನು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಅದು ಒಂದು ಕಡೆ ವಾಲಿತು. ಒಳಗಿದ್ದ ಗಾಳಿಯೆಲ್ಲ ಹೊರಗೆ ಬಂತು, ಒಂದೇ ಸಲಕ್ಕೆ ಅಲ್ಲ, ನಿಧಾನವಾಗಿ, ಎಲ್ಲಿಯೂ ಸಿಕ್ಕಿಕೊಳ್ಳದೆ, ಕೊನೆಯ ಎಳೆಯವರೆಗೆ. ಆಮೇಲೆ ತೋಳುಗಳಲ್ಲಿ ನೀರು ತುಂಬಿತು. ತಿರುಗಿ, ಆಳದ ಕಡೆಗೆ ಇಳಿದು, ಕಪ್ಪಿನಲ್ಲಿ ಕಾಣದಾಯಿತು.

ಮೊದಲು ಕಿಶೋರ್ ಮೇಲೆ ಬಂದು, "ಸಾರಿ ಆಂಟಿ, ತಲೆ ಕೆಟ್ಟೋಯ್ತು" ಎನ್ನುತ್ತಾ ಏಣಿ ಹಿಡಿದ. ಮುನೀರ್ ಮೂಲೆಯಲ್ಲಿ ಎದ್ದು, ಮುಖ ಒರೆಸಿಕೊಂಡು, "ಬ್ಯಾಗ್ ಕಟ್ಕೋ ಸವಿತಾ" ಎಂದರು. ಅಷ್ಟೇ ಅಂದದ್ದು. ಇಷ್ಟು ತಿಂಗಳಿನಿಂದ ಆ ಮಾತಿಗಾಗಿ ಕಾದಿದ್ದವಳು ಅವರ ಕಡೆ ನೋಡಲೂ ಇಲ್ಲ. ಈಜಿಕೊಂಡು ನನ್ನ ಹತ್ತಿರ ಬಂದು, ಅಂಚು ಹಿಡಿದು, ಮಾಸ್ಕ್ ತೆಗೆದಳು. ಎಡಗೈ ಹಿಡಿದಿದ್ದ ಜಾಗ ಮಣಿಕಟ್ಟಿನಲ್ಲಿ ಕೆಂಪಗಾಗಿತ್ತು.

"ಅಮ್ಮ, ಪೂರ್ತಿ ಉಸಿರು ಬಿಡ್ತಾ?"

"ಬಿಡ್ತು ಕಣವ್ವ."

"ಮಧ್ಯದಲ್ಲಿ ನಿಲ್ಲಲಿಲ್ಲ ತಾನೆ?"

"ಇಲ್ಲವ್ವ. ಆರಾಮಾಗಿ ಓಯ್ತು."